ಡಾಕ್ಟರು ಬರೆದ ಸಾಲು

572.3. ಮಂಡ್ಯದ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ ಅವಳು ಬೆಂಗಳೂರಿನ ಹೊಸೂರು ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಮೆಡಿಕಲ್ ಕೋಡಿಂಗ್ ಟ್ರೇನಿಯಾಗಿ ಸೇರಿದಾಗ, ಪೋರ್ಟಲ್ ಹೈಪರ್‌ಟೆನ್ಷನ್‌ಗೆ ಅಮೆರಿಕದ ಆಸ್ಪತ್ರೆಗಳು ಹಾಕುತ್ತಿದ್ದ ಸಂಖ್ಯೆ ಅದು. ಐಸಿಡಿ-9 ಎಂಬ ಕಾಯಿಲೆ ಕೋಡ್‌ಗಳ ಪುಸ್ತಕದ ಕೊನೆಯ ವರ್ಷಗಳು. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-10ಕ್ಕೆ ಹೊರಳಿತು. ಸುಮಾರು 14 ಸಾವಿರ ಕೋಡ್ ಇದ್ದ ಜಾಗಕ್ಕೆ ಸುಮಾರು 70 ಸಾವಿರ ಬಂದವು. ಮುರಿದ ಬೆರಳೊಂದಕ್ಕೆ ಎಡ, ಬಲ, ಮೊದಲ ಭೇಟಿ, ನಂತರದ ಭೇಟಿ ಎಂದು ಹತ್ತಾರು ಕವಲು ಒಡೆದವು. ಪೋರ್ಟಲ್ ಹೈಪರ್‌ಟೆನ್ಷನ್ ಮಾತ್ರ ಕವಲೊಡೆಯಲಿಲ್ಲ. 572.3 ಇದ್ದದ್ದು ಕೆ76.6 ಆಯಿತು, ಅಷ್ಟೆ. ಇದೊಂದಾದರೂ ಸುಲಭವಾಯಿತಲ್ಲ ಎಂದು ಬ್ಯಾಚಿನವರೆಲ್ಲ ಖುಷಿಪಟ್ಟರು. ಮುಂದಿನ ವರ್ಷಗಳಲ್ಲಿ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇದೇ ಒಂಟಿ ಕೋಡ್.

ಕೆಲಸ ಏನೆಂದು ಊರಿನಲ್ಲಿ ಹೇಳಿ ಅರ್ಥ ಮಾಡಿಸುವುದು ಕಷ್ಟವಾಗಿತ್ತು. ಅಮೆರಿಕದ ಆಸ್ಪತ್ರೆಯಿಂದ ರೋಗಿ ಮನೆಗೆ ಹೋದ ಮೇಲೆ ಅವನ ಚಾರ್ಟ್ ಬೆಂಗಳೂರಿನ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಡಾಕ್ಟರ ಟಿಪ್ಪಣಿ, ನರ್ಸ್ ಬರೆದದ್ದು, ಲ್ಯಾಬ್, ಸ್ಕ್ಯಾನ್, ಕೊಟ್ಟ ಔಷಧಿ ಎಲ್ಲವನ್ನೂ ಓದಿ ಪ್ರತಿ ಕಾಯಿಲೆಗೂ ಕೋಡ್ ಹಾಕಬೇಕು. ಅಲ್ಲಿನ ಸರ್ಕಾರದ ವಿಮೆಯಾದ ಮೆಡಿಕೇರ್ ಆಗಲಿ ಖಾಸಗಿ ವಿಮೆಯಾಗಲಿ ಹಣ ಕೊಡುವುದು ಆ ಕೋಡ್‌ಗಳನ್ನು ನೋಡಿ. ಬೆಂಗಳೂರು, ಚೆನ್ನೈ, ಹೈದರಾಬಾದ್, ಕೊಚ್ಚಿಗಳಲ್ಲಿ ಬಿಎಸ್ಸಿ, ಬಿಫಾರ್ಮಾ, ನರ್ಸಿಂಗ್, ಫಿಸಿಯೋಥೆರಪಿ ಓದಿದ ಸಾವಿರಾರು ಮಂದಿ ಇದರಿಂದ ಮನೆ ನಡೆಸುತ್ತಿದ್ದಾರೆ. ರೋಗಿಯ ಗುಟ್ಟು ಕಾಯುವ ಹಿಪಾ ಎಂಬ 1996ರ ಅಮೆರಿಕದ ಕಾನೂನಿನಿಂದಾಗಿ ಫೋನು ಲಾಕರಿನಲ್ಲಿ, ಮೇಜಿನ ಮೇಲೆ ಪೆನ್ನು ಕಾಗದವೂ ಇಲ್ಲ. "ಇದು ಡಾಕ್ಟರ ಕೆಲಸವೋ ಗುಮಾಸ್ತರ ಕೆಲಸವೋ?" ಎಂದು ಅಪ್ಪ ಕೇಳಿದ್ದರು. ಎರಡೂ ಅಲ್ಲ ಎನ್ನಬೇಕಿತ್ತು. ಆಗ ಅವಳಿಗೆ ಉತ್ತರ ಗೊತ್ತಿರಲಿಲ್ಲ.

ಟ್ರೇನರ್ ಮೇಡಂ ಹಿಂದೆ ನರ್ಸ್ ಆಗಿದ್ದವರು. ಕೋಡ್‌ಗೆ ಮೊದಲು ಕಾಯಿಲೆ ತಿಳಿಯಬೇಕು ಎಂಬುದು ಅವರ ಹಟ. ಕರುಳು, ಗುಲ್ಮಗಳಿಂದ ರಕ್ತವನ್ನು ಲಿವರಿಗೆ ತರುವುದು ಪೋರ್ಟಲ್ ರಕ್ತನಾಳ. ಲಿವರಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಇದರದ್ದೇ. ಸಿರೋಸಿಸ್ ಆಗಿ ಲಿವರ್ ಗಂಟುಗಟ್ಟಿದಾಗ ಆ ರಕ್ತಕ್ಕೆ ಒಳಗೆ ದಾರಿ ಸಿಗುವುದಿಲ್ಲ. ಮಂಡ್ಯದವಳಿಗೆ ಇದು ಬೇಗ ಹಿಡಿಸಿತು: ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಿರುವಾಗ ಮುಂದೆ ಹೂಳು ಕಟ್ಟಿಕೊಂಡರೆ ನೀರು ನಿಲ್ಲುವುದಿಲ್ಲ, ಬದಿಯ ಸಣ್ಣ ಕಾಲುವೆಗಳಿಗೆ ನುಗ್ಗಿ ಬದುಗಳನ್ನು ಒಡೆಯುತ್ತದೆ. ದೇಹದಲ್ಲಿ ಆ ಸಣ್ಣ ಕಾಲುವೆಗಳು ಅನ್ನನಾಳ ಮತ್ತು ಜಠರದ ಗೋಡೆಯಲ್ಲಿರುವ ತೆಳು ನಾಳಗಳು. ಅವು ಉಬ್ಬಿದರೆ ವೇರಿಸಸ್. ಒಡೆದರೆ ರೋಗಿ ರಕ್ತ ಕಾರುತ್ತಾನೆ.

ಈ ಒತ್ತಡವನ್ನು ತೋಳಿಗೆ ಪಟ್ಟಿ ಸುತ್ತಿ ಅಳೆಯಲಾಗದು. ಕುತ್ತಿಗೆಯ ಅಥವಾ ತೊಡೆಯ ನಾಳದಿಂದ ಕ್ಯಾಥೆಟರ್ ತೂರಿಸಿ ಲಿವರಿನ ನಾಳದಲ್ಲಿ ಅಳೆಯುವ ಅಂತರಕ್ಕೆ ಎಚ್‌ವಿಪಿಜಿ ಎನ್ನುತ್ತಾರೆ. 5 ಮಿಲಿಮೀಟರ್ ಪಾದರಸದೊಳಗೆ ಇದ್ದರೆ ಸಹಜ. 10 ಮುಟ್ಟಿದರೆ ವೇರಿಸಸ್ ಹುಟ್ಟುವ ಹಂತ, 12 ದಾಟಿದರೆ ಒಡೆಯುವ ಭಯ. ಆದರೆ ಬಹಳ ರೋಗಿಗಳಿಗೆ ಈ ಪರೀಕ್ಷೆ ನಡೆಯುವುದೇ ಇಲ್ಲ. ಹಿಗ್ಗಿದ ಗುಲ್ಮ, ಕುಸಿದ ಪ್ಲೇಟ್‌ಲೆಟ್, ಹೊಟ್ಟೆಯ ನೀರು, ಎಂಡೋಸ್ಕೋಪಿಯಲ್ಲಿ ಕಂಡ ವೇರಿಸಸ್, ಇವನ್ನು ಕೂಡಿಸಿ ಡಾಕ್ಟರು ನಿರ್ಧಾರಕ್ಕೆ ಬರುತ್ತಾರೆ. ಕೋಡರ್‌ನ ಕಷ್ಟ ಶುರುವಾಗುವುದು ಇಲ್ಲಿ. ಅದೇ ಸುಳಿವುಗಳು ಅವಳ ಕಣ್ಣಿಗೂ ಬೀಳುತ್ತವೆ. ಕೂಡಿಸುವ ಹಕ್ಕು ಮಾತ್ರ ಅವಳಿಗಿಲ್ಲ.

ಐಸಿಡಿ-10ರ ಅಧಿಕೃತ ಮಾರ್ಗಸೂಚಿ ಈ ವಿಷಯದಲ್ಲಿ ಸಡಿಲವಿಲ್ಲದ್ದು. ಕಾಯಿಲೆ ಇದೆ ಎಂದು ಚಿಕಿತ್ಸೆ ಮಾಡುವ ಡಾಕ್ಟರು ಬರೆಯಬೇಕು. ಲ್ಯಾಬಿನ ಅಂಕಿ, ಸ್ಕ್ಯಾನಿನ ವರ್ಣನೆ ಎಷ್ಟೇ ಢಾಳಾಗಿ ಕಂಡರೂ ಡಾಕ್ಟರು ಅದಕ್ಕೆ ಅರ್ಥ ಕೊಡದಿದ್ದರೆ ಅದು ಕೋಡ್ ಆಗದು. ಫ್ಲೋರಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಇದು: ಬರೆದಿಲ್ಲವೆಂದರೆ ನಡೆದಿಲ್ಲ. ಅದರಲ್ಲೂ ಒಳರೋಗಿಗೊಂದು ನಿಯಮ, ಹೊರರೋಗಿಗೊಂದು. ಆಸ್ಪತ್ರೆಯಲ್ಲಿ ಮಲಗಿದ್ದವನ ಬಿಡುಗಡೆ ಸಾರಾಂಶದಲ್ಲಿ "ಬಹುಶಃ ಪೋರ್ಟಲ್ ಹೈಪರ್‌ಟೆನ್ಷನ್" ಎಂದಿದ್ದರೆ ಇದೆ ಎಂದೇ ತಿಳಿದು ಕೋಡ್ ಹಾಕಬಹುದು. ಅದೇ ಮಾತು ಕ್ಲಿನಿಕ್ಕಿಗೆ ಬಂದು ಹೋದವನ ಟಿಪ್ಪಣಿಯಲ್ಲಿದ್ದರೆ ಹಾಕುವಂತಿಲ್ಲ. ಅವನ ಲಕ್ಷಣಗಳಿಗೆ ಮಾತ್ರ ಕೋಡ್. ಹೊಸದರಲ್ಲಿ ಇದು ಅವಳಿಗೆ ಅನ್ಯಾಯವೆನಿಸುತ್ತಿತ್ತು. ಕ್ಲಿನಿಕ್ಕಿನ ಟಿಪ್ಪಣಿಯಲ್ಲಿ ಒಮ್ಮೆ ಬಿದ್ದ ಕಾಯಿಲೆ ರೋಗಿಯ ದಾಖಲೆಯಲ್ಲಿ ಜೀವನಪೂರ್ತಿ ಹಿಂಬಾಲಿಸುತ್ತದೆ, ಅನುಮಾನವನ್ನು ಅವನ ಹೆಸರಿಗೆ ಬರೆದರೆ ಅಳಿಸುವವರಾರು ಎಂದು ಮೇಡಂ ಕೇಳಿದ ಮೇಲೆ ಆ ಅಸಮಾಧಾನ ಹೋಯಿತು.

ಕ್ರಮದ ಪಾಠವೂ ಇತ್ತು. ಅನ್ನನಾಳದ ವೇರಿಸಸ್ ತಾನಾಗಿ ಬಂದದ್ದಾದರೆ ಐ85.0ರ ಸಾಲು, ಸಿರೋಸಿಸ್ ಅಥವಾ ಪೋರ್ಟಲ್ ಹೈಪರ್‌ಟೆನ್ಷನ್‌ನಿಂದ ಬಂದದ್ದಾದರೆ ಐ85.1ರ ಸಾಲು. ರಕ್ತ ಹೋಗದಿದ್ದರೆ ಐ85.10, ಹೋದರೆ ಐ85.11. ಎರಡನೆಯ ಸಾಲಿನ ತಲೆಯ ಮೇಲೇ ಆದೇಶವಿದೆ: ಮೂಲ ಕಾರಣವನ್ನು ಮೊದಲು ಬರೆಯಿರಿ. ಹಾಗಾಗಿ ರಾತ್ರಿ ಎರಡಕ್ಕೆ ಬಕೆಟ್ಟುಗಟ್ಟಲೆ ರಕ್ತ ಕಾರುತ್ತ ಆಂಬುಲೆನ್ಸಿನಲ್ಲಿ ಬಂದವನಿಗೂ ಮೊದಲ ಕೋಡ್ ಸಿರೋಸಿಸ್‌ನದು, ರಕ್ತಸ್ರಾವದ್ದು ಎರಡನೆಯದು. ಹೊಸಬರು ಇಲ್ಲಿ ತಕರಾರು ತೆಗೆಯುತ್ತಾರೆ, ಅವಳೂ ತೆಗೆದಿದ್ದಳು. ಸಿರೋಸಿಸ್‌ನಲ್ಲೂ ಮದ್ಯಪಾನದಿಂದಾದರೆ ಕೆ70.30, ಹೊಟ್ಟೆಯಲ್ಲಿ ನೀರಿದ್ದರೆ ಕೆ70.31, ಕಾರಣ ಬರೆಯದಿದ್ದರೆ ಕೆ74.60, ನೀರಿಗೆ ಬೇರೆಯಾಗಿ ಆರ್18.8. ಜಠರದ ವೇರಿಸಸ್‌ಗೆ ಐ86.4 ಎಂಬ ಒಂದೇ ಕೋಡ್. ಅದರಲ್ಲಿ ರಕ್ತ ಹೋಯಿತೇ ಇಲ್ಲವೇ ಎಂಬುದಕ್ಕೆ ಜಾಗವೇ ಇಲ್ಲ. ಇದೊಂದು ಕೊರತೆ ಎಂದೇ ಅವಳ ಅಭಿಪ್ರಾಯ. ಜಠರದ ವೇರಿಸಸ್ ಒಡೆದರೆ ಅಪಾಯ ಅನ್ನನಾಳದ್ದಕ್ಕಿಂತ ಕಡಿಮೆಯದೇನಲ್ಲ.

ಅಮೆರಿಕದ ಎಂಡೋಸ್ಕೋಪಿ ವರದಿಗಳಲ್ಲಿ ಜಿಒವಿ-1, ಜಿಒವಿ-2, ಐಜಿವಿ-1 ಎಂಬ ಗುರುತುಗಳು ಆಗಾಗ ಸಿಗುತ್ತಿದ್ದವು. ಜಠರದ ವೇರಿಸಸ್‌ನ ಈ ವಿಂಗಡಣೆ ದೆಹಲಿಯ ವೈದ್ಯ ಶಿವ ಕುಮಾರ್ ಸರಿನ್ ಅವರದು ಎಂದು ತಿಳಿದ ದಿನ ಅವಳಿಗೆ ನಿಜವಾದ ಹೆಮ್ಮೆಯಾಗಿತ್ತು. ಭಾರತಕ್ಕೂ ಈ ಕಾಯಿಲೆಗೂ ಇನ್ನೊಂದು ನಂಟಿದೆ. ಸಿರೋಸಿಸ್ ಇಲ್ಲದೆಯೇ ಪೋರ್ಟಲ್ ಒತ್ತಡ ಏರುವ ರೋಗಿಗಳು ನಮ್ಮಲ್ಲಿ ಬಹಳ. ಚೆನ್ನಾಗಿ ಆಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ರಕ್ತ ಕಾರಿದಾಗ, ಲಿವರಿಗೆ ಮುಂಚೆಯೇ ಪೋರ್ಟಲ್ ನಾಳ ಮುಚ್ಚಿಹೋಗಿದೆಯೇ ಎಂದು ಇಲ್ಲಿನ ಡಾಕ್ಟರು ಮೊದಲು ನೋಡುತ್ತಾರೆ. ದೊಡ್ಡವರಲ್ಲಿ ಕಾಣುವ ಇನ್ನೊಂದು ಬಗೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1969ರಲ್ಲಿ ನಾನ್-ಸಿರೋಟಿಕ್ ಪೋರ್ಟಲ್ ಫೈಬ್ರೋಸಿಸ್ ಎಂದು ಹೆಸರಿಟ್ಟಿತು. ಅಮೆರಿಕದ ಕೋಡ್ ಸೂಚಿಯಲ್ಲಿ ಈ ಎರಡನೆಯ ಬಗೆಗೆ ಸಿಗುವುದು ಕೆ76.6ರ ಪಕ್ಕ ಆವರಣದೊಳಗಿನ "ಇಡಿಯೋಪಥಿಕ್" ಎಂಬ ಒಂದು ಪದ.

ಅವಳಿಗೆ ಕೆಲಸದ ಮೇಲೆ ಪ್ರೀತಿ ಹುಟ್ಟಿಸಿದ್ದು ಒಂದು ಚಾರ್ಟ್. ಯಾರದೆಂದು ತಿಳಿಯದಂತೆ ಅದರ ತಿರುಳನ್ನಷ್ಟೇ ಹೇಳಬಹುದು. ಸಿರೋಸಿಸ್ ಇದ್ದ ಹಿರಿಯರೊಬ್ಬರು, ಹಿಂದೆ ವೇರಿಸಸ್‌ಗೆ ಬ್ಯಾಂಡ್ ಹಾಕಿಸಿಕೊಂಡವರು, ಬೇರೆ ಸೋಂಕಿಗಾಗಿ ದಾಖಲಾಗಿದ್ದರು. ಕಾಯಿಲೆಗಳ ಪಟ್ಟಿಯಲ್ಲಿ "ಎಚ್‌ಟಿಎನ್" ಎಂದಿತ್ತು, ಔಷಧಿಗಳಲ್ಲಿ ನಾಡೊಲಾಲ್. ಸೂಚಿ ನೋಡಿದರೆ ಬರೀ ಹೈಪರ್‌ಟೆನ್ಷನ್‌ಗೆ ಐ10, ಅಂದರೆ ಸಾಮಾನ್ಯ ಬಿಪಿ. ಹಾಕಿ ಮುಂದಿನ ಚಾರ್ಟ್ ತೆಗೆಯಬಹುದಿತ್ತು. ಗಂಟೆಗೆ ಇಷ್ಟು ಚಾರ್ಟ್ ಎಂಬ ಟಾರ್ಗೆಟ್ ತಲೆಯ ಮೇಲಿತ್ತು. ಆದರೆ ನರ್ಸ್ ಬರೆದ ಪುಟಗಳಲ್ಲಿ ಬಿಪಿ ಒಂದು ದಿನವೂ 110 ದಾಟಿರಲಿಲ್ಲ. ಸಿರೋಸಿಸ್ ಬಲಿತವರ ಬಿಪಿ ಸಾಮಾನ್ಯವಾಗಿ ಇಳಿಯುತ್ತದೆ, ಏರುವುದಿಲ್ಲ. ಪ್ಲೇಟ್‌ಲೆಟ್ ತೀರಾ ಕಡಿಮೆ, ಗುಲ್ಮ ಹಿಗ್ಗಿದೆ. ನಾಡೊಲಾಲ್ ಬಿಪಿ ಮಾತ್ರೆಯೂ ಹೌದು, ವೇರಿಸಸ್ ಒಡೆಯದಂತೆ ಪೋರ್ಟಲ್ ಒತ್ತಡ ಇಳಿಸುವ ಮಾತ್ರೆಯೂ ಹೌದು. ಡಾಕ್ಟರು ಯಾವ ಹೈಪರ್‌ಟೆನ್ಷನ್ ಎಂದು ಬರೆದಿರಲಿಲ್ಲ.

ಐ10 ಹಾಕಿದರೆ ಸುಳ್ಳಾಗಬಹುದು, ಕೆ76.6 ಹಾಕಿದರೆ ಅಪರಾಧ. ಉಳಿದ ದಾರಿ ಕ್ವೆರಿ, ಅಂದರೆ ಡಾಕ್ಟರಿಗೆ ಪ್ರಶ್ನೆ.

ಪ್ರಶ್ನೆ ಕೇಳುವುದಕ್ಕೂ ಶಿಸ್ತಿದೆ. ಅಮೆರಿಕದ ಎರಡು ವೃತ್ತಿ ಸಂಘಗಳು, ಎಹೈಮಾ ಮತ್ತು ಎಸಿಡಿಐಎಸ್, ಜೊತೆಯಾಗಿ ಇದಕ್ಕೆ ಮಾರ್ಗಸೂಚಿ ಮಾಡಿವೆ. ಉತ್ತರವನ್ನು ಪ್ರಶ್ನೆಯಲ್ಲೇ ಅಡಗಿಸಬಾರದು. "ಇವರಿಗೆ ಪೋರ್ಟಲ್ ಹೈಪರ್‌ಟೆನ್ಷನ್ ಇದೆ ಎಂದು ಸೇರಿಸುತ್ತೀರಾ?" ಎಂದು ಕೇಳುವಂತಿಲ್ಲ. ಹಣದ ಮಾತು ಸುಳಿಯಕೂಡದು. ಚಾರ್ಟಿನಲ್ಲಿ ಕಂಡ ಸುಳಿವುಗಳನ್ನು ದಿನಾಂಕದ ಸಮೇತ ಎದುರಿಗಿಟ್ಟು, ಸಾಧ್ಯವಿರುವ ಉತ್ತರಗಳನ್ನು ಕೊಟ್ಟು, ಕೊನೆಗೆ "ಬೇರೆ" ಮತ್ತು "ನಿರ್ಧರಿಸಲಾಗದು" ಎಂಬ ಎರಡು ಬಾಗಿಲನ್ನೂ ತೆರೆದಿಡಬೇಕು. ಬೆಂಗಳೂರಿನ ಕೋಡರ್‌ನ ಪ್ರಶ್ನೆ ನೇರ ಡಾಕ್ಟರ ಕೈಗೆ ಹೋಗದು. ಟೀಮ್ ಲೀಡರ್ ನೋಡಿ, ಆಸ್ಪತ್ರೆಯ ದಾಖಲಾತಿ ತಂಡಕ್ಕೆ ಕಳಿಸಿ, ಅಲ್ಲಿಂದ ಡಾಕ್ಟರಿಗೆ. ಅವಳು ಆ ಕ್ವೆರಿಯನ್ನು ಬರೆದು ಅಳಿಸಿ ಬರೆದಳು. ಉತ್ತರ ಬಂತು: ಸಿರೋಸಿಸ್‌ನಿಂದಾದ ಪೋರ್ಟಲ್ ಹೈಪರ್‌ಟೆನ್ಷನ್, ನಾಡೊಲಾಲ್ ಅದಕ್ಕಾಗಿ, ಬಿಪಿ ಕಾಯಿಲೆ ಇಲ್ಲ. ಪಟ್ಟಿಯಿಂದ "ಎಚ್‌ಟಿಎನ್" ಹೊಡೆದುಹಾಕಿದ್ದರು. ಅಪ್ಪನ ಪ್ರಶ್ನೆಗೆ ಕೊಡಬಹುದಾದ ಉತ್ತರ ಅವತ್ತು ಅವಳಿಗೆ ಸ್ವಲ್ಪ ಸಿಕ್ಕಿತು. ಡಾಕ್ಟರು ಮನಸ್ಸಿನಲ್ಲಿ ಬಲ್ಲದ್ದು ಕಾಗದಕ್ಕೆ ಬರುವಂತೆ ನೋಡಿಕೊಳ್ಳುವವರು ಯಾರಾದರೂ ಬೇಕು, ಆ ಕೆಲಸ ಇದು.

ಆಮೇಲೆ ಇಂಥ ಕಡೆಗಳಲ್ಲಿ ಅವಳ ಕಣ್ಣು ತಾನಾಗಿ ನಿಲ್ಲತೊಡಗಿತು. "ಪಿಎಚ್‌ಟಿಎನ್" ಎಂದಿರುತ್ತದೆ, ಪೋರ್ಟಲ್‌ನದೋ ಶ್ವಾಸಕೋಶದ ಪಲ್ಮನರಿ ಹೈಪರ್‌ಟೆನ್ಷನ್ನೋ? ಲಿವರ್ ರೋಗಿಗಳಲ್ಲಿ ಎರಡೂ ಒಟ್ಟಿಗಿರಬಹುದಾದ್ದರಿಂದ ಊಹೆ ನಡೆಯದು. ರಕ್ತ ಕಾರಿಕೊಂಡು ಬಂದವನ ಎಂಡೋಸ್ಕೋಪಿಯಲ್ಲಿ ವೇರಿಸಸ್ಸೂ ಇದೆ, ಜಠರದಲ್ಲಿ ಹುಣ್ಣೂ ಇದೆ. ರಕ್ತ ಹೋದದ್ದು ಯಾವುದರಿಂದ? ಬ್ಯಾಂಡ್ ಹಾಕಿದ್ದಾರೆ ಎಂಬ ಮಾತ್ರಕ್ಕೆ ವೇರಿಸಸ್‌ನಿಂದ ಎಂದು ಕೋಡರ್ ತೀರ್ಮಾನಿಸಬಾರದು, ಒಡೆಯದ ವೇರಿಸಸ್‌ಗೂ ಬ್ಯಾಂಡ್ ಹಾಕುವುದುಂಟು. ಲಿವರ್ ಕಸಿಯಾಗಿ ವರ್ಷಗಳಾದ ರೋಗಿಯ ಪಟ್ಟಿಯಲ್ಲಿ ಪೋರ್ಟಲ್ ಹೈಪರ್‌ಟೆನ್ಷನ್ ಇನ್ನೂ ಕೂತಿರುತ್ತದೆ, ಪ್ರತಿ ಭೇಟಿಯಲ್ಲೂ ಹಿಂದಿನ ಟಿಪ್ಪಣಿಯಿಂದ ಕಾಪಿ ಆಗಿ ಆಗಿ. ಇವರಿಗೆ ಕಸಿಯಾಗಿದೆ ಎನ್ನುವ ಜೆಡ್94.4 ಸರಿ, ಹಳೆಯ ಲಿವರಿನ ಕಾಯಿಲೆ ಈಗಲೂ ಇದೆಯೇ ಎಂದು ಡಾಕ್ಟರೇ ಹೇಳಬೇಕು.

ಆ ವರ್ಷಗಳ ಚಾರ್ಟ್‌ಗಳಲ್ಲಿ ಒಂದು ಇತಿಹಾಸವೂ ಹರಿದುಹೋಯಿತು. ಅವಳು ಸೇರಿದ ಹೊಸತರಲ್ಲಿ ಸಿರೋಸಿಸ್ ಚಾರ್ಟ್‌ಗಳಲ್ಲಿ ಮತ್ತೆ ಮತ್ತೆ ಸಿಗುತ್ತಿದ್ದವರು ಹೆಪಟೈಟಿಸ್ ಸಿ ರೋಗಿಗಳು. 1945ರಿಂದ 1965ರ ನಡುವೆ ಹುಟ್ಟಿದವರೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2012ರಲ್ಲಿ ಹೇಳಿತ್ತು. ವಿಯೆಟ್ನಾಂ ಕಾಲದ ಮಾಜಿ ಸೈನಿಕರಲ್ಲಿ ಈ ಸೋಂಕು ಹೆಚ್ಚು. ಇಂಟರ್‌ಫೆರಾನ್ ಚುಚ್ಚುಮದ್ದು ತಾಳಲಾರದೆ ಬಿಟ್ಟವರ ಕತೆ ಚಾರ್ಟ್‌ಗಳ ತುಂಬ. 2013ರ ಡಿಸೆಂಬರ್‌ನಲ್ಲಿ ಸೊಫೊಸ್ಬುವಿರ್ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಒಂದು ಮಾತ್ರೆಗೆ ಸಾವಿರ ಡಾಲರ್, ಹನ್ನೆರಡು ವಾರಕ್ಕೆ 84 ಸಾವಿರ. ಮರುವರ್ಷ ಅದನ್ನು ಬಡ ದೇಶಗಳಿಗಾಗಿ ಅಗ್ಗವಾಗಿ ತಯಾರಿಸಲು ಭಾರತದ ಕೆಲವು ಕಂಪನಿಗಳಿಗೆ ಪರವಾನಗಿ ಸಿಕ್ಕಾಗ ಆ ಪಟ್ಟಿಯಲ್ಲಿ ಬೆಂಗಳೂರಿನ ಕಂಪನಿಯ ಹೆಸರೂ ಇತ್ತು.

ನಿಧಾನವಾಗಿ ಚಾರ್ಟ್‌ಗಳಲ್ಲಿ "ವೈರಸ್ ಪತ್ತೆಯಿಲ್ಲ" ಎಂಬ ಸಾಲು ಹೆಚ್ಚಾಯಿತು. ಬಿ18.2 ಎಂಬ ಹೆಪಟೈಟಿಸ್ ಸಿ ಕೋಡ್ ತೆಗೆದು, ಹಿಂದೊಮ್ಮೆ ಸೋಂಕಿತ್ತು ಎನ್ನುವ ಜೆಡ್86.19 ಹಾಕುವುದು. ಆ ಕೋಡ್ ಹಾಕುವಾಗಲೆಲ್ಲ ಅವಳಿಗೆ ಸಂತೋಷವಾಗುತ್ತಿತ್ತು. ಮುಖ ಕಾಣದ ಮನುಷ್ಯನೊಬ್ಬ ಗೆದ್ದಿದ್ದಾನೆ. ಆದರೆ ವೈರಸ್ ಹೋದ ಅನೇಕರಲ್ಲಿ ಸಿರೋಸಿಸ್ ಉಳಿದಿತ್ತು, ಅದರ ಜೊತೆ ಕೆ76.6. ಕೆಲವರ ಒತ್ತಡ ವರ್ಷಗಳಲ್ಲಿ ಇಳಿಯಿತು, ಕೆಲವರದು ಇಳಿಯಲಿಲ್ಲ. ವೈರಸ್ ಗುಣವಾಗಿದೆ ಎಂದು ಬರೆದ ಡಾಕ್ಟರು ಕೆಳಗೆ ಲಿವರಿನ ಸ್ಥಿತಿಯನ್ನು ಬರೆಯದೆ ಬಿಟ್ಟರೆ, ದಾಖಲೆ ಓದಿದವರಿಗೆ ಈ ಮನುಷ್ಯ ಪೂರ್ತಿ ಆರೋಗ್ಯವಂತ. ಎಂಡೋಸ್ಕೋಪಿಯ ನೆನಪೋಲೆ ಅವನಿಗೆ ಹೋಗುವುದಿಲ್ಲ.

ಮಿದುಳಿನ ಮಬ್ಬಿನ ಕತೆ ಬೇರೆ. ಲಿವರ್ ಸೋಸಲಾಗದ ವಿಷ ತಲೆಗೇರಿ ರೋಗಿ ದಿನ ಮರೆಯುವುದು, ಹಗಲಿಡೀ ನಿದ್ದೆ ಹೋಗುವುದು: ಹೆಪಾಟಿಕ್ ಎನ್ಸೆಫಲೋಪತಿ. ಒತ್ತಡ ಇಳಿಸಲು ಲಿವರಿನೊಳಗೆ ಸ್ಟೆಂಟ್ ಇಟ್ಟು ರಕ್ತಕ್ಕೆ ಅಡ್ಡದಾರಿ ಮಾಡುವ ಟಿಪ್ಸ್ ಎಂಬ ಚಿಕಿತ್ಸೆಯಿದೆ. ಲೋಹದ ಸ್ಟೆಂಟ್ ಇಟ್ಟು ಅದನ್ನು ಮೊದಲು ಮಾಡಿದ್ದು 1988ರಲ್ಲಿ, ಜರ್ಮನಿಯ ಫ್ರೈಬರ್ಗ್‌ನಲ್ಲಿ. ರಕ್ತಸ್ರಾವ ತಡೆಯುವ ಅದೇ ದಾರಿಯಿಂದ ಸೋಸದ ರಕ್ತ ನೇರ ಮೇಲೇರುವುದರಿಂದ ಕೆಲವರಿಗೆ ಈ ಮಬ್ಬು ಹೆಚ್ಚುತ್ತದೆ. ಐಸಿಡಿ-9ರಲ್ಲಿ ಇದಕ್ಕೆ 572.2 ಎಂಬ ಸ್ವಂತ ಕೋಡ್ ಇತ್ತು. ಐಸಿಡಿ-10ಕ್ಕೆ ಬಂದಾಗ ಅದು ಕಳೆದುಹೋಯಿತು; ಏಳು ವರ್ಷ ಕೋಡರ್‌ಗಳು ಲಿವರ್ ವೈಫಲ್ಯದ ಕೆ72.90ರಲ್ಲಿ ಅದನ್ನು ಸೇರಿಸುತ್ತಿದ್ದರು. 2022ರ ಅಕ್ಟೋಬರ್ 1ರಿಂದ ಕೆ76.82 ಬಂತು. ಈ ಮಬ್ಬಿಗಾಗಿ ಗಂಡನಿಗೆ ದಿನಾ ಲ್ಯಾಕ್ಟುಲೋಸ್ ಔಷಧಿ ಕುಡಿಸುವ ಹೆಂಗಸರ ಬಗ್ಗೆ ನರ್ಸ್ ಟಿಪ್ಪಣಿಗಳಲ್ಲಿ ಓದಿದ್ದವಳಿಗೆ ಆ ಕಾಯಿಲೆಗೆ ಮತ್ತೆ ತನ್ನದೇ ಮನೆ ಸಿಕ್ಕಿದ್ದು ಸಣ್ಣ ಸುದ್ದಿಯಾಗಿರಲಿಲ್ಲ.

ಹಣದ ವಿಷಯ ಹೇಳದಿದ್ದರೆ ಈ ಕೆಲಸದ ಅರ್ಧ ಮುಚ್ಚಿಟ್ಟಂತೆ. ಕೆಲ ಕಾಲ ಅವಳನ್ನು ಎಚ್‌ಸಿಸಿ ಪ್ರಾಜೆಕ್ಟಿಗೆ ಹಾಕಿದ್ದರು. ಮೆಡಿಕೇರ್ ಅಡ್ವಾಂಟೇಜ್ ಎಂಬ ವ್ಯವಸ್ಥೆಯಲ್ಲಿ ಅಮೆರಿಕದ ಸರ್ಕಾರ ವಿಮೆ ಕಂಪನಿಗಳಿಗೆ ರೋಗಿಯ ಕಾಯಿಲೆಗಳ ತೂಕ ನೋಡಿ ಹಣ ಕೊಡುತ್ತದೆ. ಆ ಕಾಲದ ಲೆಕ್ಕದಲ್ಲಿ ಸಿರೋಸಿಸ್ 28ನೇ ವರ್ಗ, ಕೆ76.6 ಸೇರುತ್ತಿದ್ದದ್ದು ಕೊನೆಯ ಹಂತದ ಲಿವರ್ ಕಾಯಿಲೆಯ 27ನೇ ವರ್ಗಕ್ಕೆ, ತೂಕ ಎರಡು ಪಟ್ಟಿಗೂ ಹೆಚ್ಚು. ಅಲ್ಟ್ರಾಸೌಂಡ್ ವರದಿಯೊಂದರಲ್ಲಿ "ಪೋರ್ಟಲ್ ಹೈಪರ್‌ಟೆನ್ಷನ್ ಸೂಚಿಸುವಂತಿದೆ" ಎಂಬ ಸಾಲು ಇದ್ದರೆ ಕೈ ತುರಿಸುವುದು ಸಹಜ. ರೇಡಿಯಾಲಜಿ ವರದಿಯಿಂದ ಕೋಡ್ ತೆಗೆಯಕೂಡದು, "ಸೂಚಿಸುವಂತಿದೆ" ಎಂಬುದು ಅನುಮಾನದ ಮಾತು, ಎರಡೂ ಕಾರಣಕ್ಕೆ ಅದು ತಿರಸ್ಕೃತ. ಡಾಕ್ಟರು ಬರೆದರೂ ಆ ಭೇಟಿಯಲ್ಲಿ ಆ ಕಾಯಿಲೆಯನ್ನು ಗಮನಿಸಿದ, ಪರೀಕ್ಷಿಸಿದ, ಅಂದಾಜಿಸಿದ ಅಥವಾ ಚಿಕಿತ್ಸೆ ಕೊಟ್ಟ ಗುರುತು ಬೇಕು. ಆಧಾರವಿಲ್ಲದ ಕೋಡ್ ಹಾಕಿ ಸರ್ಕಾರದ ಹಣ ಪಡೆದ ಆರೋಪದ ಮೇಲೆ ಅಲ್ಲಿನ ನ್ಯಾಯ ಇಲಾಖೆ ದೊಡ್ಡ ವಿಮೆ ಕಂಪನಿಗಳ ಮೇಲೂ ಮೊಕದ್ದಮೆ ಹೂಡಿದೆ. ಆಡಿಟರ್ "ಇದನ್ನು ಬಿಟ್ಟಿದ್ದೀರಿ" ಎಂದು ಬರೆದಾಗ ಅವಳು ಮಾರ್ಗಸೂಚಿಯ ಪುಟ ತೋರಿಸಿ ರಿಬಟಲ್, ಅಂದರೆ ಆಕ್ಷೇಪ, ಹಾಕುತ್ತಿದ್ದಳು. ಕೆಲವೊಮ್ಮೆ ಗೆದ್ದಳು. ಸೋತಾಗಲೂ ಆ ಕೋಡ್ ತನ್ನ ಕೈಯಿಂದ ಹಾಕಲಿಲ್ಲ.

ಅಷ್ಟರಲ್ಲಿ ಈ ಕಾಯಿಲೆ ಅವಳ ಮನೆಗೇ ಬಂತು. ಊರಿನಲ್ಲಿದ್ದ ಚಿಕ್ಕಪ್ಪ ಒಂದು ಬೆಳಗಿನ ಜಾವ ರಕ್ತ ಕಾರಿದರು. ಆಸ್ಪತ್ರೆಯಲ್ಲಿ ಬ್ಯಾಂಡ್ ಹಾಕಿ, ಬದುಕಿಸಿ, ಮನೆಗೆ ಕಳಿಸಿದ್ದರು. ಡಾಕ್ಟರು ಮಾಡಿದ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಭಾನುವಾರ ಊರಿಗೆ ಹೋದವಳು ಪ್ಲಾಸ್ಟಿಕ್ ಕವರಿನ ಫೈಲ್ ಬಿಚ್ಚಿದಳು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಜಾಗದಲ್ಲಿ ಇದ್ದದ್ದು ಇಷ್ಟು: ಡಿಸಿಎಲ್‌ಡಿ, ಪಿಎಚ್‌ಟಿಎನ್, ಇವಿಎಲ್ ಡನ್. ಲಿವರ್ ಕೆಟ್ಟಿದೆ, ಬ್ಯಾಂಡ್ ಹಾಕಿದ್ದೇವೆ. ಯಾಕೆ ಕೆಟ್ಟಿತು ಎಂಬುದಿಲ್ಲ.

"ನೋಡವ್ವಾ, ನಾನು ಒಂದ್ ತೊಟ್ಟು ಮುಟ್ಟಿದೋನಲ್ಲ," ಎಂದರು ಚಿಕ್ಕಪ್ಪ. "ಊರೆಲ್ಲ ಕುಡ್ದೂ ಕುಡ್ದೂ ಲಿವರ್ ಕಳ್ಕಂಡ ಅಂತದೆ ಕಣವ್ವ. ಸಂಬಂಧ ಮಾತಾಡಕ್ ಬಂದೋರೂ ಅದ್ನೇ ಕೇಳಿದ್ರು."

ಅವರಿಗೆ ವರ್ಷಗಳಿಂದ ಸಕ್ಕರೆ ಕಾಯಿಲೆ, ಸೊಂಟದ ಸುತ್ತ ಬೊಜ್ಜು. ಲಿವರಿನಲ್ಲಿ ಕೊಬ್ಬು ತುಂಬಿ ಉರಿಯೂತವಾಗಿ ಸಿರೋಸಿಸ್ ಆಗುವುದು ಈಗ ಅಪರೂಪವಲ್ಲ. 2023ರಲ್ಲಿ ಆ ಕಾಯಿಲೆಗೆ ಎಂಎಎಸ್‌ಎಲ್‌ಡಿ ಎಂದು ಜಗತ್ತಿನ ಲಿವರ್ ತಜ್ಞರು ಹೊಸ ಹೆಸರನ್ನೇ ಕೊಟ್ಟಿದ್ದಾರೆ. ಕೆ70 ಮತ್ತು ಕೆ74 ಬೇರೆ ಬೇರೆ ಪುಟಗಳಲ್ಲಿರುವುದು ಏಕೆಂದು ಅವಳು ಹೊಸಬರಿಗೆ ಕಲಿಸುತ್ತಿದ್ದಳು. ಆ ಎರಡು ಪುಟಗಳ ನಡುವೆ ಒಬ್ಬ ಮನುಷ್ಯನ ಮಾನ, ಅವನ ಮಗಳ ಮದುವೆಯ ಮಾತು ಇರಬಹುದೆಂದು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಇನ್ನೊಂದು ಸಂಗತಿ ಅವಳನ್ನು ಹೆಚ್ಚು ಹೆದರಿಸಿತು. ಸಮ್ಮರಿಯಲ್ಲಿ ಕಾರ್ವೆಡಿಲಾಲ್ 6.25 ಬರೆದಿದ್ದರು, ಮಾತ್ರೆ ಪೊಟ್ಟಣ ಮನೆಯಲ್ಲಿ ಇರಲಿಲ್ಲ. ವಿಚಾರಿಸಿದರೆ, ಊರಿನ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿ "ನೂರೇ ಇದೆ, ಬಿಪಿ ಮಾತ್ರೆ ಯಾಕೆ?" ಎಂದು ನಿಲ್ಲಿಸಿದ್ದರು. ಕ್ಲಿನಿಕ್ಕಿನ ಡಾಕ್ಟರನ್ನು ದೂರಲು ಅವಳಿಗೆ ಮನಸ್ಸು ಬರಲಿಲ್ಲ. ಆ ಮಾತ್ರೆ ಯಾವುದಕ್ಕೆಂದು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲವಲ್ಲ. ಅಮೆರಿಕದ ಹಿರಿಯರ ನಾಡೊಲಾಲ್ ಚಾರ್ಟಿನಲ್ಲಿ ಕಂಡ ಖಾಲಿ ಜಾಗವೇ ಇಲ್ಲೂ ಇತ್ತು. ಅಲ್ಲಿ ಅದು ಬಿಲ್ ತಪ್ಪಾಗುವಂತೆ ಮಾಡುತ್ತಿತ್ತು, ಇಲ್ಲಿ ಮತ್ತೊಮ್ಮೆ ರಕ್ತ ಕಾರಿಸಬಹುದಿತ್ತು.

ಮುಂದಿನ ತಪಾಸಣೆಗೆ ಅವಳೇ ಜೊತೆಗೆ ಹೋದಳು. ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದಳು. ಉತ್ತರ ಹೇಳಿಕೊಡದ ಪ್ರಶ್ನೆಗಳು, ಕೈ ರೂಢಿಯಾಗಿತ್ತು. ಲಿವರಿನ ಕಾಯಿಲೆಗೆ ಕಾರಣ ಏನೆಂದು ನೀವು ತಿಳಿದಿದ್ದೀರಿ ಸರ್? ಪಿಎಚ್‌ಟಿಎನ್ ಎಂದರೆ ಯಾವುದು? ಕಾರ್ವೆಡಿಲಾಲ್ ಯಾವ ಕಾಯಿಲೆಗೆ, ಯಾವಾಗ ನಿಲ್ಲಿಸಬೇಕು? ಹೊರಗೆ ಸಾಲು ಉದ್ದ ಇತ್ತು, ಆ ಯುವ ಡಾಕ್ಟರು ಹಾಳೆ ಓದಿ, ಒಂದು ಕ್ಷಣ ಅವಳನ್ನು ನೋಡಿ, "ನೀವು ನರ್ಸಾ?" ಎಂದು ಕೇಳಿದರು. ಕೋಡರ್ ಎಂದಳು. ಅವರು ಕಂಪ್ಯೂಟರ್ ಬಿಟ್ಟು, ಲೆಟರ್‌ಹೆಡ್ ತೆಗೆದುಕೊಂಡು ಕೈಯಲ್ಲೇ ಬರೆದರು: ಕೊಬ್ಬಿನ ಕಾಯಿಲೆಯಿಂದಾದ ಲಿವರ್ ಸಿರೋಸಿಸ್, ಮದ್ಯಪಾನ ಇಲ್ಲ, ಅದರಿಂದ ಪೋರ್ಟಲ್ ಹೈಪರ್‌ಟೆನ್ಷನ್, ಅನ್ನನಾಳದ ವೇರಿಸಸ್ ಒಡೆದು ರಕ್ತಸ್ರಾವ, ಬ್ಯಾಂಡ್ ಹಾಕಲಾಗಿದೆ, ಕಾರ್ವೆಡಿಲಾಲ್ ಮತ್ತೆ ರಕ್ತಸ್ರಾವ ಆಗದಿರಲು, ಬಿಪಿಗಾಗಿ ಅಲ್ಲ, ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದರೆ ನಮಗೆ ಫೋನ್ ಮಾಡಿ. ಕೆಳಗೆ ಆಸ್ಪತ್ರೆಯ ನಂಬರು, ಸಹಿ, ಮೊಹರು.

ಊರಿನ ಕ್ಲಿನಿಕ್ಕಿನವರು ಅದನ್ನು ಓದಿದ ಕೂಡಲೇ ಮಾತ್ರೆ ಮತ್ತೆ ಶುರು ಮಾಡಿಸಿದರು, ಒಂದು ಪ್ರತಿಯನ್ನು ತಮ್ಮ ರಿಜಿಸ್ಟರಿಗೆ ಅಂಟಿಸಿಕೊಂಡರು. ಚಿಕ್ಕಪ್ಪ ಎರಡನೇ ಸಾಲನ್ನು ಅವಳಿಂದ ಎರಡು ಸಲ ಓದಿಸಿ, ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಇನ್ನೂ ಐದು ಜೆರಾಕ್ಸ್ ಮಾಡಿಸಿಕೊಂಡರು.